ಮಾತು, ಮಾತ್ರೆ, ಮರೆವು

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಿದರು. ಆಕೆ ಊಟಕ್ಕೆ ಕೂತಿದ್ದಾಗ ವೈದ್ಯ ಅಲೋಯಿಸ್ ಆಲ್ಝೈಮರ್ ಪಕ್ಕದಲ್ಲಿ ಕೂತು, ಏನು ತಿನ್ನುತ್ತಿದ್ದೀರಿ ಎಂದು ಕೇಳಿದರು. ತಟ್ಟೆಯಲ್ಲಿದ್ದದ್ದು ಹೂಕೋಸು ಮತ್ತು ಹಂದಿಮಾಂಸ. ಆಕೆ ಹೇಳಿದ್ದು ಪಾಲಕ್ ಸೊಪ್ಪು. ಮಾಂಸವನ್ನು ಅಗಿಯುತ್ತಿರುವಾಗ ಮತ್ತೆ ಕೇಳಿದರೆ ಆಲೂಗಡ್ಡೆ ಎಂದರು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ 1907ರಲ್ಲಿ ಆಲ್ಝೈಮರ್ ಬರೆದ ಪುಟ್ಟ ಲೇಖನದಲ್ಲಿ, ಬಟ್ಟಲು ಎನ್ನಬೇಕಾದಲ್ಲಿ ಆಕೆ ಹಾಲು ಹುಯ್ಯುವ ಪಾತ್ರೆ ಎನ್ನುತ್ತಿದ್ದರೆಂಬ ವಿವರವೂ ಇದೆ. ಆದರೆ ಆ ಲೇಖನದಲ್ಲಿ ಜಗತ್ತು ಹಿಡಿದುಕೊಂಡಿದ್ದು ಮಿದುಳಿನ ಭಾಗವನ್ನು. ಜನರ ಬಾಯಲ್ಲಿ, ಅವರ ಹೆಸರು ಹೊತ್ತ ಆಲ್ಝೈಮರ್ಸ್ ಮರೆವಿನ ಕಾಯಿಲೆ ಎಂದೇ ನಿಂತಿತು. ಊಟದ ತಟ್ಟೆಯ ಮುಂದೆ ವೈದ್ಯರು ಬರೆದುಕೊಂಡ ಪ್ರಶ್ನೋತ್ತರಗಳ ಫೈಲು ಎಲ್ಲೋ ಸೇರಿಹೋಗಿ, 1995ರಲ್ಲಿ ಫ್ರಾಂಕ್‌ಫರ್ಟಿನಲ್ಲೇ ಮತ್ತೆ ಸಿಕ್ಕಿತು.

ಆ ಫೈಲಿನಲ್ಲಿದ್ದ ಪಾಠವನ್ನು ನಾವಿನ್ನೂ ಪೂರ್ತಿ ಕಲಿತಂತೆ ಕಾಣುವುದಿಲ್ಲ. ಆಲ್ಝೈಮರ್ಸ್‌ನಂಥ ಡಿಮೆನ್ಷಿಯಾ ಇನ್ನೂ ಮೊದಲ ಹಂತದಲ್ಲಿರುವಾಗ ಮನೆಯವರ ಕೈಗೆಟುಕುವ ಅತಿ ಸೂಕ್ಷ್ಮವಾದ ಅಳತೆ ಎಂದರೆ ಆ ವ್ಯಕ್ತಿಯ ಮಾತು. ಕಾಯಿಲೆಯನ್ನು ಗುರುತಿಸುವುದಕ್ಕಷ್ಟೇ ಅಲ್ಲ, ಕೊಟ್ಟ ಮಾತ್ರೆ ಒಳ್ಳೆಯದು ಮಾಡುತ್ತಿದೆಯೋ ಕೆಟ್ಟದ್ದು ಮಾಡುತ್ತಿದೆಯೋ ಎಂದು ತಿಳಿಯುವುದಕ್ಕೂ ಅದೇ ಅಳತೆ ಬೇಕು. ವೈದ್ಯರ ಕೊಠಡಿಯಲ್ಲಿ ಹತ್ತು ನಿಮಿಷ ಸಿಗುತ್ತದೆ. ಇವತ್ತು ಯಾವ ವಾರ, ಯಾವ ತಿಂಗಳು, ನೂರರಿಂದ ಏಳೇಳು ಕಳೆಯಿರಿ ಎನ್ನುವಷ್ಟರಲ್ಲಿ ಮುಗಿಯುತ್ತದೆ. ದಿನವಿಡೀ ಆ ಮಾತನ್ನು ಕೇಳುವವರು ಮನೆಯವರು. ಕೇಳುವವರು ಏನನ್ನು ಕೇಳಿಸಿಕೊಳ್ಳಬೇಕು, ಮಾತ್ರೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬಲ್ಲಿ ಮಾತ್ರ ದೊಡ್ಡ ಎಡವಟ್ಟಾಗುತ್ತಿದೆ.

ಮೊದಲು ಮಾತಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಮಾತಿನ ತೊಂದರೆಗಳನ್ನು ಪರೀಕ್ಷಿಸಲು ಅಮೆರಿಕದ ಬಾಸ್ಟನ್ನಿನಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷೆಯೊಂದರಲ್ಲಿ ಒಂದು ಚಿತ್ರವಿದೆ. ಅಡುಗೆಮನೆ. ಹುಡುಗನೊಬ್ಬ ಸ್ಟೂಲ್ ಹತ್ತಿ ಬಿಸ್ಕತ್ ಡಬ್ಬಿಗೆ ಕೈಹಾಕಿದ್ದಾನೆ, ಸ್ಟೂಲ್ ವಾಲುತ್ತಿದೆ, ಕೆಳಗೆ ಹುಡುಗಿ ಕೈ ಚಾಚಿದ್ದಾಳೆ. ತಾಯಿ ತಟ್ಟೆ ಒರೆಸುತ್ತ ನಿಂತಿದ್ದಾಳೆ. ಪಕ್ಕದ ಸಿಂಕ್ ತುಂಬಿ ನೀರು ನೆಲಕ್ಕೆ ಚೆಲ್ಲುತ್ತಿದೆ. ಚಿತ್ರದಲ್ಲಿ ಏನಾಗುತ್ತಿದೆ ಹೇಳಿ ಎಂದಷ್ಟೇ ಕೇಳುವುದು. ಆರೋಗ್ಯವಾಗಿರುವ ಎಪ್ಪತ್ತರ ಹಿರಿಯರು, ಅಮ್ಮನಿಗೆ ಯಾವುದರ ಮೇಲೂ ಗಮನವಿಲ್ಲ, ಅವಳ ಬೆನ್ನ ಹಿಂದೆ ಹುಡುಗ ಬೀಳೋದರಲ್ಲಿದ್ದಾನೆ ಎನ್ನುತ್ತಾರೆ. ಕಾಯಿಲೆಯ ಆರಂಭದಲ್ಲಿರುವವರ ಉತ್ತರ ಕನ್ನಡದಲ್ಲಾದರೆ ಸುಮಾರು ಹೀಗಿರುತ್ತದೆ: ‘ಇವನು ಅದರ ಮೇಲೆ ಹತ್ತಿದಾನೆ... ಅದನ್ನ ತಗೋತಿದಾನೆ. ಇವಳು ಅದನ್ನ ಏನೋ ಮಾಡ್ತಾ ಇದಾಳೆ. ನೀರಿದೆ. ಇಲ್ಲೊಂದು ಮಗು ಇದೆ.’

ಈ ನಾಲ್ಕು ವಾಕ್ಯಗಳಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ವಿಭಕ್ತಿ ಪ್ರತ್ಯಯಗಳು ಸರಿಯಾಗಿ ಹತ್ತಿವೆ. ಇವನು, ಇವಳು ಅದಲುಬದಲಾಗಿಲ್ಲ. ಇಲ್ಲವಾಗಿರುವುದು ವಸ್ತುಗಳ ಹೆಸರು: ಸ್ಟೂಲ್, ಡಬ್ಬಿ, ತಟ್ಟೆ, ಸಿಂಕ್. ಆ ಜಾಗಗಳನ್ನೆಲ್ಲ ‘ಅದು’ ತುಂಬಿಕೊಂಡಿದೆ. ಹೆಸರುಗಳಷ್ಟೇ ಅಲ್ಲ, ಒಂದು ಘಟನೆಗೂ ಇನ್ನೊಂದಕ್ಕೂ ಇರುವ ಸಂಬಂಧವೂ ಕಳಚಿಬಿದ್ದಿದೆ. ನೀರಿದೆ ನಿಜ, ಆದರೆ ಅದು ಯಾಕೆ ಚೆಲ್ಲುತ್ತಿದೆ, ಯಾರು ಗಮನಿಸಬೇಕಿತ್ತು ಎಂಬ ಕೊಂಡಿ ಕಾಣುವುದಿಲ್ಲ. ಕೇಳುವವರಿಗೆ ಇದು ಕಾಯಿಲೆ ಎಂದು ಹೊಳೆಯದಿರುವುದು ಇದೇ ಕಾರಣಕ್ಕೆ. ಮಾತು ಸರಾಗವಾಗಿಯೇ ಹರಿಯುತ್ತಿರುತ್ತದೆ, ಧಾಟಿ ಹಳೆಯದೇ, ನಗುವೂ ಹಳೆಯದೇ. ಖಾಲಿಯಾದ ಜಾಗಗಳನ್ನು ಕೇಳುವವರೇ ತಮ್ಮ ಮನಸ್ಸಿನಲ್ಲಿ ತುಂಬಿಕೊಂಡು ಮುಂದೆ ಹೋಗುತ್ತಾರೆ. ಐವತ್ತು ವರ್ಷ ಜೊತೆಗಿದ್ದ ಹೆಂಡತಿ ‘ಅದು’ ಎಂದರೆ ಯಾವುದು ಎಂದು ಗಂಡನಿಗೆ ಹೇಳಿಕೊಡಬೇಕಾಗಿಲ್ಲ. ಕಾಯಿಲೆಯನ್ನು ಅತಿ ತಡವಾಗಿ ಗುರುತಿಸುವವರು ಕೆಲವು ಸಲ ಅತಿ ಹತ್ತಿರದವರೇ ಆಗಿರುವುದಕ್ಕೆ ಈ ಒಡನಾಟವೂ ಒಂದು ಕಾರಣ.

ಪದಗಳು ಮೊದಲು ಹೋಗುತ್ತವೆ, ವಾಕ್ಯದ ಹಂದರ ಬಹಳ ಕಾಲ ಉಳಿಯುತ್ತದೆ ಎಂಬುದಕ್ಕೆ ಬಲವಾದ ಸಾಕ್ಷಿ ಇಂಗ್ಲಿಷ್ ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರ ಬರವಣಿಗೆಯಲ್ಲಿದೆ. ಅವರ ಕೊನೆಯ ಕಾದಂಬರಿ ‘ಜಾಕ್ಸನ್ಸ್ ಡೈಲೆಮಾ’ ಬಂದದ್ದು 1995ರಲ್ಲಿ. ಕಾಯಿಲೆ ಗೊತ್ತಾದದ್ದು ಅದಾದ ಮೇಲೆ. 1999ರಲ್ಲಿ ಅವರು ತೀರಿಕೊಂಡ ನಂತರ ಮಿದುಳಿನ ಪರೀಕ್ಷೆಯಿಂದ ಅದು ಆಲ್ಝೈಮರ್ಸ್ ಎಂದೇ ಖಚಿತವಾಯಿತು. ಲಂಡನ್ನಿನ ನರವಿಜ್ಞಾನಿ ಪೀಟರ್ ಗ್ಯಾರಡ್ ಮತ್ತು ಜೊತೆಗಾರರು ಆ ಕಾದಂಬರಿಯನ್ನು 1954ರ ಮೊದಲ ಕಾದಂಬರಿಯ ಜೊತೆ, 1978ರ ಪ್ರಸಿದ್ಧ ಕಾದಂಬರಿಯ ಜೊತೆ ಇಟ್ಟು ಪದಪದವಾಗಿ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಶಬ್ದಭಂಡಾರ ಮಾತ್ರ ಸ್ಪಷ್ಟವಾಗಿ ಕುಗ್ಗಿತ್ತು. ಅಪರೂಪದ ಪದಗಳ ಬದಲು ದಿನಬಳಕೆಯ ಪದಗಳು ಮತ್ತೆ ಮತ್ತೆ ಬಂದಿದ್ದವು. ಕಾದಂಬರಿ ಬಂದಾಗ ವಿಮರ್ಶಕರು ಏನೋ ಕಡಿಮೆಯಾಗಿದೆ ಎಂದು ಗೊಣಗಿದ್ದರು. ಏನು ಎಂದು ಹೇಳಲು ಅವರಿಗೂ ಆಗಿರಲಿಲ್ಲ.

ಇಲ್ಲಿ ಯಾರಾದರೂ ಎದ್ದು ನಿಂತು ಕೇಳಬಹುದು: ವಯಸ್ಸಾದವರೆಲ್ಲ ಹೆಸರು ಮರೆಯುತ್ತಾರೆ, ನಲವತ್ತರವರೂ ನಾಲಿಗೆ ತುದಿಯಲ್ಲಿದೆ ಎಂದು ಚಡಪಡಿಸುತ್ತಾರೆ, ಇದನ್ನೆಲ್ಲ ಕಾಯಿಲೆ ಎಂದರೆ ಊರಿಗೆ ಊರೇ ಆಸ್ಪತ್ರೆ ಸೇರಬೇಕಲ್ಲ? ಆಕ್ಷೇಪ ನ್ಯಾಯವಾದದ್ದೇ. ಮರ್ಡಾಕ್ ಬಗ್ಗೆ ಬಂದ ಅಧ್ಯಯನದ ನಂತರ ಕೆನಡಾದ ಟೊರಾಂಟೊದ ಸಂಶೋಧಕರು ಅಗಾಥಾ ಕ್ರಿಸ್ಟಿ ಅವರ ಕಾದಂಬರಿಗಳನ್ನೂ ಜಾಲಾಡಿದರು. 80 ದಾಟಿದ ಮೇಲೆ ಬರೆದವುಗಳಲ್ಲಿ ಶಬ್ದಭಂಡಾರ ಕುಸಿದು, ‘ಏನೋ ಒಂದು’, ‘ಯಾವುದೋ ವಸ್ತು’ ಎನ್ನುವಂಥ ಖಾಲಿ ಪದಗಳು ಏರಿದ್ದವು. ಆದರೆ ಕ್ರಿಸ್ಟಿ ಬದುಕಿದ್ದಾಗ ಅವರಿಗೆ ಡಿಮೆನ್ಷಿಯಾ ಇದೆ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ತೀರಿಕೊಂಡವರನ್ನು ಪುಸ್ತಕ ನೋಡಿ ರೋಗಿ ಎನ್ನುವುದು ಸುಲಭ. ಇದೇ ಸಂಶೋಧಕರು ಮುಂದೆ ಒಂದು ಜಾಣತನದ ಕೆಲಸ ಮಾಡಿದರು. ಮರ್ಡಾಕ್ ಮತ್ತು ಕ್ರಿಸ್ಟಿ ಜೊತೆಗೆ, 90ರ ಹೊಸ್ತಿಲಿನವರೆಗೂ ಚುರುಕಾಗಿ ಬರೆದ ಪತ್ತೇದಾರಿ ಕಾದಂಬರಿಗಾರ್ತಿ ಪಿ.ಡಿ. ಜೇಮ್ಸ್ ಅವರ ಪುಸ್ತಕಗಳನ್ನೂ 2011ರ ಅಧ್ಯಯನಕ್ಕೆ ತೆಗೆದುಕೊಂಡರು. ಜೇಮ್ಸ್ ಅವರಲ್ಲಿ ಆ ಬಗೆಯ ಕುಸಿತ ಕಾಣಲಿಲ್ಲ. ವಯಸ್ಸೊಂದೇ ಕಾರಣವಾಗಿದ್ದರೆ ಅವರಲ್ಲೂ ಕಾಣಬೇಕಿತ್ತು.

ವಯಸ್ಸಿನ ಮರೆವಿಗೂ ಕಾಯಿಲೆಯ ಮರೆವಿಗೂ ಇರುವ ಗೆರೆ ತೆಳುವಾದರೂ ಎಲ್ಲಿದೆ ಎಂದು ತೋರಿಸಬಹುದು. ವಯಸ್ಸಾದಾಗ ತಪ್ಪುವುದು ಹೆಚ್ಚಾಗಿ ವ್ಯಕ್ತಿಗಳ, ಊರುಗಳ ಹೆಸರು. ಮರೆತಿದ್ದೇನೆ ಎಂಬುದು ಅವರಿಗೇ ಗೊತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ಆ ಹೆಸರು ತಾನೇ ಬರುತ್ತದೆ, ಮೊದಲಕ್ಷರ ಹೇಳಿದರೆ ಕೂಡಲೇ ಬರುತ್ತದೆ. ಕಾಯಿಲೆಯಲ್ಲಿ ಸೌಟು, ಬಾಚಣಿಗೆ, ಬೀಗದ ಕೈಯಂಥ ದಿನಬಳಕೆಯ ಸಾಮಾನುಗಳ ಹೆಸರು ತಪ್ಪುತ್ತದೆ, ಸುಳಿವು ಕೊಟ್ಟರೂ ಬಾರದಿರಬಹುದು, ಹತ್ತಿರದ ಇನ್ನೊಂದು ಹೆಸರು ಬಂದು ಕೂರುತ್ತದೆ, ತಪ್ಪಿದ್ದು ಎಷ್ಟೋ ಸಲ ಹೇಳಿದವರ ಗಮನಕ್ಕೇ ಬರುವುದಿಲ್ಲ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ವೈದ್ಯರು ಕೇಳುವುದು ಈ ಅರ್ಥದ ಜಾಲವನ್ನು ತಟ್ಟಿ ನೋಡಲು. ಆಲ್ಝೈಮರ್ಸ್‌ನಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುವುದಕ್ಕಿಂತ ಒಂದು ಗುಂಪಿನ ವಸ್ತುಗಳ ಹೆಸರು ಹೇಳುವುದು ಬೇಗ ಕೆಡುತ್ತದೆ. ಇನ್ನೂ ಮುಖ್ಯವಾದದ್ದು, ಹೋಲಿಕೆ ಪಕ್ಕದ ಮನೆಯವರ ಜೊತೆ ಆಗಬಾರದು. ಆ ವ್ಯಕ್ತಿಯ ಎರಡು ವರ್ಷದ ಹಿಂದಿನ ಮಾತಿನ ಜೊತೆ ಆಗಬೇಕು. ಕನ್ನಡದ ಮನೆಮಾತಿನಲ್ಲಂತೂ ಈ ಎಚ್ಚರ ಜಾಸ್ತಿಯೇ ಬೇಕು. ‘ಅದನ್ನ ಅಲ್ಲಿಡು, ಇದನ್ನ ತಗೊಂಡ್ಹೋಗು’ ಎಂದು ಆರೋಗ್ಯವಾಗಿರುವವರೂ ದಿನಕ್ಕೆ ನೂರು ಸಲ ಹೇಳುತ್ತಾರೆ. ಮೊದಲಿನಿಂದಲೂ ಹಾಗೆ ಮಾತಾಡುವವರಲ್ಲಿ ಅದು ಅಭ್ಯಾಸ. ಒಂದೊಂದು ಸಾಮಾನನ್ನೂ ಹೆಸರಿಟ್ಟು ಕರೆಯುತ್ತಿದ್ದ ಮೇಷ್ಟರೊಬ್ಬರು ಹಾಗೆ ಮಾತಾಡತೊಡಗಿದರೆ ಅದು ಸುದ್ದಿ.

ಕಂಪ್ಯೂಟರ್ ಇದನ್ನೆಲ್ಲ ಹೇಳಿಬಿಡುತ್ತದಂತಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ದಶಕಗಳಿಂದ ನಡೆಯುತ್ತಿರುವ ಆರೋಗ್ಯ ಅಧ್ಯಯನದಲ್ಲಿ ಭಾಗವಹಿಸಿದವರು ಆ ಬಿಸ್ಕತ್ ಡಬ್ಬಿಯ ಚಿತ್ರದ ಬಗ್ಗೆ ಬರೆದಿದ್ದ ಸಾಲುಗಳನ್ನು ಐಬಿಎಂ ಸಂಶೋಧಕರು ಯಂತ್ರಕ್ಕೆ ಉಣಿಸಿದರು. ಬರೆಯುವಾಗ ಎಲ್ಲರೂ ಆರೋಗ್ಯವಾಗಿಯೇ ಇದ್ದರು. ಮುಂದೆ ಯಾರಿಗೆ ಆಲ್ಝೈಮರ್ಸ್ ಬರುತ್ತದೆ ಎಂದು ಯಂತ್ರ ಸುಮಾರು 70 ಪ್ರತಿಶತ ಸರಿಯಾಗಿ ಹೇಳಿತು ಎಂದು 2020ರಲ್ಲಿ ವರದಿಯಾಯಿತು. ಅದ್ಭುತವೇ ಸರಿ. ಆದರೆ 70 ಸರಿ ಎಂದರೆ 30 ತಪ್ಪು. ನೂರರಲ್ಲಿ ಮೂವತ್ತು ಜನರಿಗೆ ಇಲ್ಲದ ಭಯವನ್ನೋ ಸಲ್ಲದ ಧೈರ್ಯವನ್ನೋ ಹಂಚುವ ಸಾಧನ ಸಂಶೋಧಕರ ಮೇಜಿನ ಮೇಲೆ ಇರಲಿ, ಮೊಬೈಲ್ ಆ್ಯಪ್ ಆಗಿ ಮನೆಗೆ ಬರುವುದು ಬೇಡ. ಮಾತು ಅನುಮಾನ ಹುಟ್ಟಿಸಬೇಕು. ತೀರ್ಪು ಕೊಡಬೇಕಾದವರು ವೈದ್ಯರು. ಥೈರಾಯ್ಡ್ ಕಡಿಮೆಯಾಗಿದ್ದರೂ, ಬಿ12 ಕೊರತೆಯಿದ್ದರೂ, ಖಿನ್ನತೆಯಿದ್ದರೂ, ಕಿವಿ ಸರಿಯಾಗಿ ಕೇಳದಿದ್ದರೂ ಮಾತು ಹೀಗೆಯೇ ಸೊರಗುತ್ತದೆ, ಇವೆಲ್ಲಕ್ಕೂ ಪರಿಹಾರವಿದೆ. ಅರುವತ್ತಕ್ಕೆ ಅರಳುಮರಳು ಎಂದು ಕೈಚೆಲ್ಲಿ ಕೂತರೆ ನಷ್ಟವಾಗುವುದು ಮುಖ್ಯವಾಗಿ ಇಂಥವರಿಗೆ.

ಈಗ ಮಾತ್ರೆಗೆ ಬರೋಣ. ಮಿದುಳಿನಲ್ಲಿ ಗಮನ ಮತ್ತು ಕಲಿಕೆಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಆಲ್ಝೈಮರ್ಸ್‌ನಲ್ಲಿ ತೀರಾ ಕಡಿಮೆಯಾಗುತ್ತದೆ ಎಂಬುದು 1970ರ ದಶಕದಲ್ಲಿ ಗೊತ್ತಾಯಿತು. ಅದನ್ನು ತಯಾರಿಸುವ ನರಕೋಶಗಳು ಸಾಯುತ್ತಿರುತ್ತವೆ. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಡೊನೆಪೆಜಿಲ್, ಅನಂತರ ಬಂದ ರಿವಾಸ್ಟಿಗ್ಮಿನ್ ಮತ್ತು ಗ್ಯಾಲಂಟಮಿನ್ ಈ ರಾಸಾಯನಿಕವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಅದನ್ನು ಒಡೆದುಹಾಕುವ ಕಿಣ್ವವನ್ನು ತಡೆಯುತ್ತವೆ. ನಲ್ಲಿಯಲ್ಲಿ ನೀರು ಸಣ್ಣಗಾಗಿರುವ ತೊಟ್ಟಿಯ ತಳದ ತೂತನ್ನು ಅರ್ಧ ಮುಚ್ಚಿದ ಹಾಗೆ. ಮಟ್ಟ ಸ್ವಲ್ಪ ದಿನ ನಿಲ್ಲುತ್ತದೆ. ನಲ್ಲಿ ಇನ್ನೂ ಸಣ್ಣಗಾಗುತ್ತಲೇ ಇರುತ್ತದೆ. ಮೆಮಂಟಿನ್ ಎಂಬ ಇನ್ನೊಂದು ಮಾತ್ರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಅದರ ಉಪಯೋಗ ಕಂಡಿರುವುದು ಕಾಯಿಲೆ ಮಧ್ಯಮ ಹಂತ ಮುಟ್ಟಿದ ಮೇಲೆ. ಮೊದಲ ಹಂತದವರಿಗೆ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರ ದುರ್ಬಲ.

ಲಾಭ ಎಷ್ಟು? ಔಷಧ ಪರೀಕ್ಷೆಗಳಲ್ಲಿ ಬಳಸುವ 70 ಅಂಕಗಳ ಒಂದು ಅಳತೆಯಿದೆ. ನೆನಪು, ವಸ್ತುಗಳನ್ನು ಹೆಸರಿಸುವುದು, ಪದಕ್ಕಾಗಿ ತಡಕಾಡುವುದು, ಮಾತನ್ನು ಗ್ರಹಿಸುವುದು ಎಲ್ಲ ಅದರಲ್ಲಿ ಸೇರಿವೆ. 2006ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳ ಕೊನೆಯಲ್ಲಿ ಮಾತ್ರೆ ತೆಗೆದುಕೊಂಡವರಿಗೂ ಬರೀ ಹುಸಿಮಾತ್ರೆ ತೆಗೆದುಕೊಂಡವರಿಗೂ ಇದ್ದ ಸರಾಸರಿ ವ್ಯತ್ಯಾಸ ಸುಮಾರು 2.7 ಅಂಕ. ಕಣ್ಣಿಗೆ ಕಾಣುವ ಬದಲಾವಣೆ ಎನ್ನಲು 4 ಅಂಕವಾದರೂ ಬೇಕು ಎನ್ನುವ ತಜ್ಞರಿದ್ದಾರೆ. ಸರಾಸರಿ ಎಂದಮೇಲೆ ಕೆಲವರಿಗೆ ಅದಕ್ಕಿಂತ ಹೆಚ್ಚು, ಕೆಲವರಿಗೆ ಏನೂ ಇಲ್ಲ. ಮಾತ್ರೆ ಶುರುವಾದ ಎರಡು ಮೂರು ತಿಂಗಳಲ್ಲಿ ಮನೆಯವರು ‘ಹೆಸರುಗಳು ವಾಪಸ್ ಬರಲಿಲ್ಲವಲ್ಲ’ ಎಂದು ನಿರಾಶರಾಗುವುದು ಈ ಲೆಕ್ಕ ಗೊತ್ತಿಲ್ಲದ್ದರಿಂದ. ಕಳೆದುಹೋದ ಪದಗಳನ್ನು ಹುಡುಕಿ ತರುವ ಮಾತ್ರೆ ಇನ್ನೂ ಬಂದಿಲ್ಲ. ಮಾತ್ರೆ ಹಿಡಿಸಿದವರಲ್ಲಿ ಹುಡುಕಬೇಕಾದದ್ದು ಬೇರೆ: ತಾವಾಗಿಯೇ ಮಾತು ಶುರುಮಾಡುತ್ತಾರೆಯೇ, ಒಂದು ವಿಷಯವನ್ನು ಹಿಡಿದು ಎರಡು ಮೂರು ವಾಕ್ಯ ಮುಂದುವರಿಸುತ್ತಾರೆಯೇ, ಎದುರಿನವರ ಪ್ರಶ್ನೆಗೆ ಸರಿಹೊಂದುವ ಉತ್ತರ ಬರುತ್ತಿದೆಯೇ? ಅಸಿಟೈಲ್‌ಕೋಲಿನ್ನಿನ ಕೆಲಸ ಮುಖ್ಯವಾಗಿ ಗಮನದ್ದು. ಗಮನ ನಿಂತರೆ ಮಾತಿನ ಎಳೆ ನಿಲ್ಲುತ್ತದೆ, ಹೆಸರು ಬಾರದಿದ್ದರೂ. ಇದಾವುದೂ ಕಾಣದೆ, ಆರು ತಿಂಗಳ ಹಿಂದೆ ಇದ್ದ ಹಾಗೇ ಇದ್ದಾರೆ ಎಂದರೆ ಅದೂ ಲಾಭದ ಲೆಕ್ಕಕ್ಕೇ ಸೇರುತ್ತದೆ, ಏಕೆಂದರೆ ಮಾತ್ರೆ ಇಲ್ಲದಿದ್ದರೆ ಇಳಿಯಬೇಕಿತ್ತು.

ಇಷ್ಟು ಸಣ್ಣ ಲಾಭಕ್ಕೆ ವಾಂತಿ, ಭೇದಿ, ಕೆಟ್ಟ ಕನಸು, ನಿಧಾನವಾಗುವ ನಾಡಿ ಇವೆಲ್ಲ ಯಾಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 565 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆ, ಡೊನೆಪೆಜಿಲ್‌ನಿಂದ ಅಂಕಗಳು ಸ್ವಲ್ಪ ಸುಧಾರಿಸಿದರೂ ರೋಗಿಗಳು ಆರೈಕೆ ಕೇಂದ್ರ ಸೇರುವುದು ತಪ್ಪಲಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು. ಆದರೆ ಅದೇ ದೇಶದಲ್ಲಿ 2012ರಲ್ಲಿ ಬಂದ ಇನ್ನೊಂದು ಪರೀಕ್ಷೆ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವ, ಕಾಯಿಲೆ ಮುಂದುವರಿದ 295 ಜನರಲ್ಲಿ ಅದನ್ನು ನಿಲ್ಲಿಸಿದರೆ ಏನಾಗುತ್ತದೆ? ನಿಲ್ಲಿಸಿದವರು ಮುಂದುವರಿಸಿದವರಿಗಿಂತ ಹೆಚ್ಚು ಇಳಿದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು. ಎಲ್ಲರಿಗೂ ಕಣ್ಣುಮುಚ್ಚಿ ಕೊಡುವ ಮಾತ್ರೆಯಲ್ಲ ಇದು. ಕೊಟ್ಟು, ನೋಡಿ, ಹಿಡಿಸಿದರೆ ಮುಂದುವರಿಸುವ ಮಾತ್ರೆ. ಆ ‘ನೋಡಿ’ ಎಂಬ ನಡುವಿನ ಹೆಜ್ಜೆ ನಮ್ಮಲ್ಲಿ ಬಹಳ ಮಟ್ಟಿಗೆ ಬಿಟ್ಟುಹೋಗಿದೆ. 

ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನೇ ತೆಗೆದುಹಾಕುವ ಲೆಕಾನೆಮ್ಯಾಬ್ ಎಂಬ ಚುಚ್ಚುಮದ್ದು ಬಂದಾಗ ಪತ್ರಿಕೆಗಳು ಸಂಭ್ರಮಿಸಿದವು. 1,795 ಜನರ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಇಳಿತ 27 ಪ್ರತಿಶತ ನಿಧಾನವಾಯಿತು ಎಂಬುದು ನಿಜ. 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ 0.45 ಎಂಬುದೂ ನಿಜ, ಸುಮಾರು ಎಂಟರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಊತ ಕಾಣಿಸಿಕೊಂಡಿತು ಎಂಬುದೂ ನಿಜ. ಅದೂ ನಿಧಾನಗೊಳಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ.

ಮಾತು ಕೆಡುವ ಎಲ್ಲ ಕಾಯಿಲೆಗೂ ಈ ಔಷಧಗಳು ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ನೆನಪು ಚೆನ್ನಾಗಿದ್ದು ಮಾತೊಂದೇ ಮೊದಲು ಕೆಡುವ ಡಿಮೆನ್ಷಿಯಾಗಳಿವೆ. ಹಾಲಿವುಡ್ ನಟ ಬ್ರೂಸ್ ವಿಲಿಸ್ ಅವರಿಗೆ ಮಾತಿನ ತೊಂದರೆಯಿದೆ ಎಂದು ಕುಟುಂಬ 2022ರಲ್ಲಿ ತಿಳಿಸಿ, 2023ರಲ್ಲಿ ಅದು ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಎಂದಿತು. ಈ ಬಗೆಯಲ್ಲಿ ಡೊನೆಪೆಜಿಲ್‌ನಿಂದ ಉಪಯೋಗವಿಲ್ಲ, ಕೆಲವರಲ್ಲಿ ನಡವಳಿಕೆ ಇನ್ನಷ್ಟು ಕೆಡುವುದೂ ಉಂಟು. ಯಾವ ಡಿಮೆನ್ಷಿಯಾ ಎಂದು ಬೇರ್ಪಡಿಸುವಾಗ ನರರೋಗ ತಜ್ಞರು ಮಾತಿನ ಬಗೆಯನ್ನು ಅಷ್ಟು ಗಮನವಿಟ್ಟು ಕೇಳುವುದು ಇದಕ್ಕೇ: ಹೆಸರು ತಪ್ಪುತ್ತಿದೆಯೋ, ಪದದ ಅರ್ಥವೇ ಹೋಗಿದೆಯೋ, ಅರ್ಥ ಗೊತ್ತಿದ್ದು ನಾಲಿಗೆ ತೊಡರುತ್ತಿದೆಯೋ.

ಇಷ್ಟೆಲ್ಲ ಹೊಸ ಮಾತ್ರೆಯ ಕಥೆ. ನನ್ನ ಮಟ್ಟಿಗೆ ಇದಕ್ಕಿಂತ ತುರ್ತಾದದ್ದು ಆಗಲೇ ಮನೆಯಲ್ಲಿರುವ ಮಾತ್ರೆಗಳ ವಿಷಯ. ಡೊನೆಪೆಜಿಲ್ ಅಸಿಟೈಲ್‌ಕೋಲಿನ್ನನ್ನು ಉಳಿಸಲು ಒದ್ದಾಡುತ್ತಿದ್ದರೆ, ಅದೇ ರಾಸಾಯನಿಕದ ಕೆಲಸವನ್ನು ತಡೆಯುವ ಮಾತ್ರೆಗಳು ಹಿರಿಯರ ಔಷಧದ ಡಬ್ಬಿಯಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ತುರಿಕೆಗೆ ಕೊಡುವ ಹೈಡ್ರಾಕ್ಸಿಝಿನ್, ಕಾಲುರಿಗೆ ಮತ್ತು ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್ ಈ ಗುಂಪಿನವು. ಇವನ್ನು ಹಿರಿಯರಿಗೆ, ಅದರಲ್ಲೂ ಡಿಮೆನ್ಷಿಯಾ ಇರುವವರಿಗೆ ಕೊಡದಿರುವುದು ಒಳ್ಳೆಯದು ಎಂದು ಅಮೆರಿಕದ ವೃದ್ಧರೋಗ ತಜ್ಞರ ಪಟ್ಟಿ ಬಹಳ ಕಾಲದಿಂದ ಹೇಳುತ್ತಿದೆ. ನಿದ್ರೆಗೆಂದು ವರ್ಷಗಟ್ಟಲೆ ನುಂಗುವ ಅಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಬೇರೆ ಗುಂಪಿನವಾದರೂ ಮಾತನ್ನು ಮಂದ ಮಾಡುವುದರಲ್ಲಿ ಹಿಂದಿಲ್ಲ. ಮೈಗ್ರೇನ್‌ಗೆ, ಫಿಟ್ಸ್‌ಗೆ ಕೊಡುವ ಟೊಪಿರಮೇಟ್ ಅಂತೂ ಪದಗಳು ಸಿಗದಂತೆ ಮಾಡುವುದಕ್ಕೆ ಹೆಸರಾದದ್ದು. ಚಿಕ್ಕ ವಯಸ್ಸಿನವರಲ್ಲೂ ಆ ತೊಂದರೆ ಕಾಣುತ್ತದೆ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ನೆಗಡಿಗೊಂದು ನಿದ್ರೆಗೊಂದು ಕೇಳಿ ತರುವ ನಮ್ಮ ಪದ್ಧತಿಯಲ್ಲಿ, ಇವೆಲ್ಲ ಒಟ್ಟಾಗಿ ಎಷ್ಟು ಸೇರಿವೆ ಎಂದು ಯಾವ ವೈದ್ಯರಿಗೂ ಗೊತ್ತಿರುವುದಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2005ರಲ್ಲಿ ಬಂದ ಅಧ್ಯಯನವೊಂದು ಈ ಸಿಕ್ಕನ್ನು ಚೆನ್ನಾಗಿ ತೋರಿಸಿತು. ಡೊನೆಪೆಜಿಲ್ ಜಾತಿಯ ಮಾತ್ರೆ ಪಡೆದ ಹಿರಿಯರಿಗೆ, ಪಡೆಯದವರಿಗಿಂತ ಹೆಚ್ಚಾಗಿ, ಮುಂದೆ ಮೂತ್ರ ತಡೆಯುವ ಮಾತ್ರೆಯನ್ನೂ ಬರೆದುಕೊಡಲಾಗಿತ್ತು. ಮೊದಲ ಮಾತ್ರೆಯ ಅಡ್ಡಪರಿಣಾಮವಾಗಿ ಮೂತ್ರದ ಅವಸರ ಬರುತ್ತದೆ. ಅದನ್ನು ಹೊಸ ಕಾಯಿಲೆ ಎಂದುಕೊಂಡು ಎರಡನೆಯ ಮಾತ್ರೆ ಕೊಡುತ್ತಾರೆ. ಎರಡನೆಯದು ಮೊದಲನೆಯದರ ಕೆಲಸವನ್ನು ಅಳಿಸುತ್ತದೆ. ಒಂದೇ ಡಬ್ಬಿಯಲ್ಲಿ ಕೂತು ಎರಡೂ ಜಗ್ಗಾಡುತ್ತಿರುವಾಗ ಮನೆಯವರ ಕಣ್ಣಿಗೆ ಬೀಳುವುದು ಇಷ್ಟೇ: ಮಾತು ಇನ್ನೂ ಕೆಟ್ಟಿದೆ, ಕಾಯಿಲೆ ಜೋರಾಗಿದೆ. ಕಾಯಿಲೆಯಿಂದ ಆಗುವ ಇಳಿತ ತಿಂಗಳುಗಳ ಲೆಕ್ಕದಲ್ಲಿ ಕಾಣುವಂಥದ್ದು. ಎರಡು ದಿನದಲ್ಲಿ, ಒಂದು ವಾರದಲ್ಲಿ ಮಾತು ಹಠಾತ್ತಾಗಿ ಗೊಂದಲವಾದರೆ, ಹಗಲಿಗೂ ರಾತ್ರಿಗೂ ವ್ಯತ್ಯಾಸವಾದರೆ, ಮೊದಲು ನೋಡಬೇಕಾದದ್ದು ಹೊಸದಾಗಿ ಸೇರಿದ ಮಾತ್ರೆಯನ್ನು, ಮೂತ್ರದ ಸೋಂಕನ್ನು, ದೇಹದಲ್ಲಿ ಸೋಡಿಯಂ ಇಳಿದಿದೆಯೇ ಎಂಬುದನ್ನು. ಮಾತು ಒಮ್ಮೆಗೇ ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ ಅದು ಪಾರ್ಶ್ವವಾಯು ಇರಬಹುದು. ಕಾಯದೆ ಆಸ್ಪತ್ರೆಗೆ ಓಡಬೇಕು. ಹಾಗೆಂದು ಹಳೆಯ ನಿದ್ರೆ ಮಾತ್ರೆಯನ್ನು ತಾವೇ ಒಂದೇ ದಿನ ನಿಲ್ಲಿಸುವುದೂ ಅಪಾಯ, ಅದನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕಾಗುತ್ತದೆ.

ಮಾತ್ರೆಯ ಜೊತೆಗೆ ಮಾತನ್ನೂ ಸೇರಿಸಿದರೆ? ಈ ಪ್ರಶ್ನೆಯನ್ನು ಟೆಕ್ಸಾಸಿನ ಸಾಂಡ್ರಾ ಚಾಪ್‌ಮನ್ ಮತ್ತು ಜೊತೆಗಾರರು ನೇರವಾಗಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಆಲ್ಝೈಮರ್ಸ್ ಇದ್ದ 54 ಜನರೂ ಡೊನೆಪೆಜಿಲ್ ತೆಗೆದುಕೊಳ್ಳುತ್ತಿದ್ದರು. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಎಂಟು ವಾರ, ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮಾತಾಡುವ ತರಬೇತಿ ಸಿಕ್ಕಿತು. ತಮ್ಮ ಬದುಕಿನ ಕಥೆ, ಇಷ್ಟದ ವಿಷಯ, ಕಾಯಿಲೆಯ ಬಗ್ಗೆ ಮಾತು. ಒಂದು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ಮಾತಿನ ಸಾರ, ದಿನನಿತ್ಯದ ಕೆಲಸಗಳಂಥ ಕೆಲವು ವಿಷಯಗಳಲ್ಲಿ ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಇವರ ಇಳಿತ ನಿಧಾನವಾಗಿತ್ತು. ಸಣ್ಣ ಅಧ್ಯಯನ, ಮಾತಾಡಿದ ಮಾತ್ರಕ್ಕೆ ಸತ್ತ ನರಕೋಶ ಹುಟ್ಟುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಮಾತ್ರೆಯಿಂದಲೂ ಅವು ಹುಟ್ಟುವುದಿಲ್ಲ. ಗಮನ ಸ್ವಲ್ಪ ಸುಧಾರಿಸಿದರೂ ಅದನ್ನು ಬಳಸಲು ಒಂದು ಸಂದರ್ಭ ಬೇಕಲ್ಲ? ಟಿವಿಯ ಮುಂದೆ ಕೂರಿಸಿ ಮಾತ್ರೆ ನುಂಗಿಸಿದರೆ ಆ ಸುಧಾರಣೆ ಯಾವ ಮಾತಿಗೂ ಆಗಿಬರುವುದಿಲ್ಲ. ಮಾತಾಡಿಸುವಾಗಲೂ ‘ಇದೇನು ಹೇಳು ನೋಡೋಣ, ಅವರ್ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುವುದು ಅವರು ಸೋಲುವ ಜಾಗಕ್ಕೇ ಎಳೆದುಕೊಂಡು ಹೋದಂತೆ. ಹೆಸರು ನಾವೇ ಹೇಳಿ, ಕಥೆ ಅವರಿಂದ ಕೇಳಬಹುದು: ‘ಅಜ್ಜಿ, ಇದು ಶಾವಿಗೆ ಒತ್ತೋ ಮಣೆ ಅಲ್ವಾ, ಇದರಲ್ಲಿ ಹೇಗೆ ಮಾಡ್ತಿದ್ರಿ?’

ಇನ್ನೊಂದು ತೊಡಕು ನಮ್ಮದೇ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಎರಡು ಮೂರು ಭಾಷೆ ಆಡುವವರಲ್ಲಿ, ತಡವಾಗಿ ಕಲಿತ ಭಾಷೆ ಮೊದಲು ಸೊರಗುವುದು ಹಲವರಲ್ಲಿ ಕಾಣುತ್ತದೆ. ಎದುರಿಗಿರುವವರಿಗೆ ಬಾರದ ಭಾಷೆಯಲ್ಲಿ ಮಾತು ಮುಂದುವರಿಸುವುದೂ ಉಂಟು. ನ್ಯೂಜೆರ್ಸಿಯ ಮಗನ ಮನೆಯಲ್ಲಿರುವ ತಾಯಿಯನ್ನೋ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬಂದ ನಿವೃತ್ತ ಗುಮಾಸ್ತರನ್ನೋ ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಕಾಯಿಲೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಮಾತ್ರೆಯ ಗುಣ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ರೋಗಿಗಳನ್ನು ನೋಡಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು 2013ರಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದೆ ಎಂದು ವರದಿ ಮಾಡಿದರು. ಓದುಬರಹ ಬಾರದವರಲ್ಲೂ ಹಾಗೆಯೇ ಕಂಡಿತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಅಲ್ಲಾಡಿ ಅವರೂ ಸೇರಿದಂತೆ ಹಲವರು ದುಡಿದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಾಗಿ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಕನ್ನಡದಲ್ಲೇ ಪರೀಕ್ಷಿಸಿ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಹಾಗಿದ್ದರೆ ಮನೆಯಲ್ಲಿ ಮಾಡಬಹುದಾದದ್ದೇನು? ಮಾತ್ರೆ ಶುರುಮಾಡುವ ಮುಂಚೆ ಒಂದು ಸಲ, ಮೂರು ತಿಂಗಳಾದ ಮೇಲೆ ಒಂದು ಸಲ, ಆರು ತಿಂಗಳಾದ ಮೇಲೆ ಒಂದು ಸಲ, ಅವರಿಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯದ ಬಗ್ಗೆ ಐದು ನಿಮಿಷ ಮಾತಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಬಹುದು. ಹುಳಿ ಮಾಡುವುದು ಹೇಗೆ, ಗದ್ದೆಗೆ ಸಸಿ ನೆಡುವುದು ಹೇಗೆ, ಬ್ಯಾಂಕಿನಲ್ಲಿ ಲೆಕ್ಕ ತಾಳೆ ಹಾಕುತ್ತಿದ್ದುದು ಹೇಗೆ ಎಂಬಂಥದ್ದು ಸಾಕು. ಅದೇ ಹೊತ್ತಿನಲ್ಲಿ, ನಿದ್ದೆಗೆಟ್ಟಿರದ ದಿನ, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಕೊಂಡಿರುವಾಗ ಮಾಡಿದರೆ ಹೋಲಿಕೆ ಸರಿಯಾಗಿ ಬರುತ್ತದೆ. ಆ ಮೂರು ತುಣುಕುಗಳನ್ನೂ, ಅಂಗಡಿಯಿಂದ ತಂದದ್ದೂ ಸೇರಿ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೂ ವೈದ್ಯರ ಮುಂದಿಟ್ಟರೆ, ಡೋಸ್ ಏರಿಸಬೇಕೋ ಇಳಿಸಬೇಕೋ ನಿಲ್ಲಿಸಬೇಕೋ ಎನ್ನಲು ಅವರಿಗೆ ಕೈಗೆ ಸಿಗುವ ಆಧಾರವಿರುತ್ತದೆ. ಗುಟ್ಟಾಗಿ ಧ್ವನಿಮುದ್ರಿಸುವುದು ಸರಿಯೇ ಎಂದು ಕೇಳಿದರೆ, ಖಂಡಿತ ಸರಿಯಲ್ಲ. ಮೊದಲ ಹಂತದಲ್ಲಿರುವವರಿಗೆ ತಮಗೇನಾಗುತ್ತಿದೆ ಎಂಬುದು ಬಹುಪಾಲು ಗೊತ್ತಿರುತ್ತದೆ. ಯಾಕೆಂದು ವಿವರಿಸಿ ಕೇಳಿದರೆ ಒಪ್ಪುವವರೂ ಇರುತ್ತಾರೆ. ಬೇಡವೆಂದರೆ ಬಲವಂತ ಮಾಡದೆ, ವಾರಕ್ಕೊಮ್ಮೆ ಮನೆಯವರೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಟ್ಟರೂ ನಡೆಯುತ್ತದೆ. ಅದರಲ್ಲಿ ‘ಚೆನ್ನಾಗಿದ್ದರು’, ‘ಡಲ್ ಆಗಿದ್ದರು’ ಎಂದು ಬರೆಯುವ ಬದಲು ಅವರು ಆಡಿದ ಮಾತನ್ನೇ ಇದ್ದ ಹಾಗೆ ಬರೆಯಬೇಕು, ಪಕ್ಕದಲ್ಲಿ ತಾರೀಖು ಮತ್ತು ಆ ವಾರ ಬದಲಾದ ಮಾತ್ರೆಯ ಹೆಸರು.